ಕೆರೆ ದಂಡೆಯ ಸಾಗರವೋ, ಮೆಟ್ರೋ ಪಕ್ಕದ ಕೆಂಗೇರಿಯೋ: ಮಕ್ಕಳು ಮರಿ ಕಟ್ಕೊಂಡು ಸಂಸಾರ ಹೂಡೋಕೆ ಯಾವುದು?

ಬೆಂಗಳೂರಲ್ಲಿರೋ ಮಲೆನಾಡಿನ ಸಂಸಾರಗಳಲ್ಲಿ ಈಗ ಊಟಕ್ಕೆ ಕೂತ್ರೆ ಏಳೋ ಮಾತು ಇದೇ. ಆಫೀಸ್‌ನವ್ರು ತಿಂಗಳಿಗೆ ಒಂದೆರಡು ಸಲ ಬಂದ್ರೆ ಸಾಕು ಅಂದಿದಾರೆ, ಮಕ್ಕಳು ಇನ್ನೂ ಸಣ್ಣವು, ಊರಲ್ಲಿ ಅಪ್ಪ ಅಮ್ಮ ಇಬ್ರೇ ಇದಾರೆ, ಹಾಗಿದ್ಮೇಲೆ ಇಲ್ಲೇ ಕೆಂಗೇರಿ ಕಡೆ ಫ್ಲಾಟ್ ತಗೊಂಡು ಇಪ್ಪತ್ತು ವರ್ಷ ಇಎಂಐ ಕಟ್ತಾ ಕೂರೋದಾ, ಇಲ್ಲ ಅದರ ಅರ್ಧ ದುಡ್ಡಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಕೆರೆ ಹತ್ರ ಒಂದು ಮನೆ ಮಾಡ್ಕೊಂಡು ಹೋಗಿಬಿಡೋದಾ ಅಂತ. ನಾನು ಸಾಗರದ ಕಡೆಯವಳು, ಮದುವೆ ಆದ್ಮೇಲೆ ಕೆಂಗೇರಿ ಉಪನಗರದಲ್ಲಿ ಇದೀನಿ, ಅಕ್ಕ-ಭಾವ ಸಾಗರದಲ್ಲೇ ಇದಾರೆ, ಹಂಗಾಗಿ ಎರಡೂ ಕಡೆ ಬೆಳಗ್ಗೆಯಿಂದ ರಾತ್ರಿವರೆಗೆ ಏನು ನಡೆಯುತ್ತೆ ಅನ್ನೋದು ನನಗೆ ಗೊತ್ತು. ಕೇಳೋರಿಗೆಲ್ಲ ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದ್ಸಲ ಬರೆದೇ ಇಡೋಣ ಅಂತ.

ಮೊದ್ಲೇ ಒಂದು ಮಾತು. "ಪ್ರಕೃತಿ ಬೇಕಾ, ಸೌಕರ್ಯ ಬೇಕಾ" ಅಂತ ಕೇಳ್ಕೊಂಡ್ರೆ ಯಾವ ತೀರ್ಮಾನಕ್ಕೂ ಬರಲ್ಲ, ಯಾಕಂದ್ರೆ ಎಲ್ರಿಗೂ ಎರಡೂ ಬೇಕು. ಅದರ ಬದ್ಲು ಹೀಗೆ ಕೇಳ್ಕೊಳ್ಳಿ: ನಮ್ಮ ಮನೆಗೆ ದಿನಾ ಬೇಕಾಗಿರೋದು ಏನು, ಯಾವಾಗ್ಲೋ ಒಂದ್ಸಲ ಬೇಕಾಗೋದು ಏನು? ಸಾಗರದಲ್ಲಿ ದಿನಾ ಬೇಕಾಗಿದ್ದೆಲ್ಲ ಹತ್ತು ನಿಮಿಷದ ಒಳಗೆ ಸಿಗುತ್ತೆ, ಅಪರೂಪಕ್ಕೆ ಬೇಕಾಗೋದು ಎಪ್ಪತ್ತು ಕಿಲೋಮೀಟರ್ ದೂರ ಅಥವಾ ಒಂದು ರಾತ್ರಿಯ ಪ್ರಯಾಣ. ಕೆಂಗೇರಿಯಲ್ಲಿ ಉಲ್ಟಾ, ಹೃದಯದ ಡಾಕ್ಟ್ರು, ಇಂಜಿನಿಯರಿಂಗ್ ಕಾಲೇಜು, ಕೆಲಸ ಬದಲಾಯಿಸೋಕೆ ಬೇರೆ ಕಂಪನಿ ಎಲ್ಲ ಕೈಗೆ ಎಟುಕೋ ದೂರದಲ್ಲಿದೆ, ಆದ್ರೆ ದಿನಾ ಮಾಡೋ ಸಣ್ಣ ಸಣ್ಣ ಕೆಲಸಕ್ಕೇ ಜೀವ ಹೋಗುತ್ತೆ. ಯಾವ ತೊಂದರೆ ನಿಮ್ಮ ಮನೆಗೆ ಭಾರ ಅನ್ನೋದು ಗೊತ್ತಾದ್ರೆ ಅರ್ಧ ಉತ್ತರ ಸಿಕ್ಕ ಹಾಗೆ.

ಕೆರೆ ವಿಷಯ ಮೊದ್ಲು ಮುಗಿಸೋಣ

ಸಾಗರದ ಗಣಪತಿ ಕೆರೆ ಊರಿನ ಅಂಚಲ್ಲಿ ಎಲ್ಲೋ ಇರೋದಲ್ಲ, ಪೇಟೆಗೆ ಅಂಟ್ಕೊಂಡೇ ಇದೆ. ಕೆಳದಿ ಅರಸ ಸದಾಶಿವ ನಾಯಕ 16ನೇ ಶತಮಾನದಲ್ಲಿ ಕಟ್ಟಿಸಿದ ಸದಾಶಿವ ಸಾಗರ ಇದೇ ಅಂತಾರೆ, ಊರಿಗೆ ಹೆಸರು ಬಂದಿದ್ದೂ ಅದರಿಂದ್ಲೇ. ಪಕ್ಕದಲ್ಲೇ ಮಹಾಗಣಪತಿ ದೇವಸ್ಥಾನ. ಸಂಜೆ ಮಕ್ಕಳನ್ನ ಕರ್ಕೊಂಡು ಹೋಗೋಕೆ ಕಾರು ತೆಗೀಬೇಕಾಗಿಲ್ಲ, ದಾರೀಲಿ ಮಂಡಕ್ಕಿ ಕಟ್ಟಿಸ್ಕೊಂಡು ನಡ್ಕೊಂಡೇ ಹೋಗಿ ಬರಬಹುದು. ಅದೇ ಸಮಯದಲ್ಲಿ ಇದೊಂದು ಪೋಸ್ಟ್‌ಕಾರ್ಡ್ ಕೆರೆ ಅಂದ್ಕೊಂಡು ಬರಬೇಡಿ, ಪೇಟೆ ಪಕ್ಕದ ಎಲ್ಲಾ ಕೆರೆಗೂ ಇರೋ ಒತ್ತುವರಿ ಗಲಾಟೆ, ಜೊಂಡು, ಚರಂಡಿ ನೀರಿನ ಸಮಸ್ಯೆ ಇದಕ್ಕೂ ಇದೆ, ಚೌತಿ ಮುಗಿದ ವಾರ ಗಣಪತಿ ಬಿಟ್ಟ ಮೇಲೆ ದಂಡೆ ಹೇಗಿರುತ್ತೆ ಅಂತ ನೋಡಿದವರಿಗೇ ಗೊತ್ತು. ದಂಡೆಗೆ ತೀರಾ ಹತ್ರ ಮನೆ ಅಂದ್ರೆ ಸೊಳ್ಳೆ ಕಾಟ, ಮಳೆಗಾಲದಲ್ಲಿ ಗೋಡೆ ಥಂಡಿ. ನಡೆಯೋಕೆ ಕಲಿತಿರೋ ಮಗು ಇದ್ರೆ ಕೆರೆಗಿಂತ ಎರಡು ಬೀದಿ ಆಚೆ ಇರೋದೇ ವಾಸಿ, ಇದನ್ನ ನಾನು ಯಾರಿಗೆ ಬೇಕಾದ್ರೂ ಹೇಳ್ತೀನಿ.

ಕೆಂಗೇರಿ ಕಡೆ ಕೆರೆ ಇಲ್ವಾ ಅಂದ್ರೆ ಇದೆ. ಕೆಂಗೇರಿ ಕೆರೆ, ಆ ಕಡೆ ಉಲ್ಲಾಳ, ಮಲ್ಲತ್ತಹಳ್ಳಿ. ಕೆಲವು ಕಡೆ ವಾಕಿಂಗ್ ಪಾತ್ ಮಾಡಿ ಬೇಲಿ ಹಾಕಿದಾರೆ, ಬೆಳಗ್ಗೆ ಹೊತ್ತು ಚೆನ್ನಾಗೇ ಇರುತ್ತೆ. ಆದ್ರೆ ಈ ಕಡೆ ಹರಿಯೋ ನೀರು ಅಂದ್ರೆ ವೃಷಭಾವತಿ, ಅದರ ವಾಸನೆ ಬಗ್ಗೆ ಮೈಸೂರು ರೋಡಲ್ಲಿ ಓಡಾಡೋರಿಗೆ ನಾನು ಹೇಳಬೇಕಾಗಿಲ್ಲ. ಫ್ಲಾಟ್ ಮಾರೋರು "ಲೇಕ್ ವ್ಯೂ" ಅಂತ ಬೋರ್ಡ್ ಹಾಕಿದ್ರೆ ಬಾಲ್ಕನಿಯಿಂದ ಏನು ಕಾಣುತ್ತೆ ಅನ್ನೋದಕ್ಕಿಂತ ಕಟ್ಟಡ ಎಲ್ಲಿ ನಿಂತಿದೆ ಅನ್ನೋದನ್ನ ನೋಡಿ, ಸರ್ಕಾರದ ದಿಶಾಂಕ್ ಆಪ್ ತೆರೆದು ಅಲ್ಲೇ ನಿಂತ್ಕೊಂಡು ಸರ್ವೆ ನಂಬರ್ ನೋಡಿ, ಕೆರೆ ಅಂಗಳ ಅಥವಾ ರಾಜಕಾಲುವೆ ಹತ್ರ ಬರುತ್ತಾ ಅಂತ ಹಳ್ಳಿ ನಕ್ಷೆ ಜೊತೆ ತಾಳೆ ಹಾಕಿ, ಕಟ್ಟಡ ಕಟ್ಟಬಾರದ ಬಫರ್ ಜಾಗದ ಒಳಗೆ ಬಂದ್ರೆ ರೇಟ್ ಎಷ್ಟೇ ಕಡಿಮೆ ಇರಲಿ ಕೈ ಮುಗಿದು ಬಂದುಬಿಡಿ. ಜೋರು ಮಳೆ ಬಂದಾಗ ನೀರು ಮೊದ್ಲು ನುಗ್ಗೋದು, ನೋಟಿಸ್ ಮೊದ್ಲು ಬರೋದು, ಎರಡೂ ಅಂಥಾ ಬಿಲ್ಡಿಂಗಿಗೇ.

ದಿನಾ ಓಡಾಟ

ಕೆಂಗೇರಿಗೆ ಮೆಟ್ರೋ ಬಂದಿದ್ದು 2021ರ ಆಗಸ್ಟಲ್ಲಿ, 2023ರ ಅಕ್ಟೋಬರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಗಾಡಿ. ಇದು ನಿಜವಾಗ್ಲೂ ಬದುಕು ಬದಲಾಯಿಸಿದೆ, ಅದನ್ನ ಕಡಿಮೆ ಮಾಡಿ ಹೇಳೋಕೆ ನಂಗೆ ಇಷ್ಟ ಇಲ್ಲ. ಮೆಜೆಸ್ಟಿಕ್‌ಗೆ ಮುಕ್ಕಾಲು ಗಂಟೆ ಒಳಗೆ ಆರಾಮಾಗಿ ಹೋಗಬಹುದು. ಆದ್ರೆ ಗಂಡನ ಆಫೀಸು ವೈಟ್‌ಫೀಲ್ಡಲ್ಲಿ ಅಂದ್ರೆ ಗಾಡಿಯೊಳಗೇ ಒಂದೂವರೆ ಗಂಟೆ ಹತ್ತಿರ, ಮನೆಯಿಂದ ಸ್ಟೇಷನ್, ಸ್ಟೇಷನ್ನಿಂದ ಆಫೀಸು ಸೇರಿಸಿದ್ರೆ ಎರಡು ಗಂಟೆ, ಬರ್ತಾ ಅಷ್ಟೇ. 2025ರ ಫೆಬ್ರವರೀಲಿ ದರ ಏರಿಸಿದ ಮೇಲೆ ಅತೀ ದೂರದ ಟಿಕೆಟ್ ತೊಂಬತ್ತು ರೂಪಾಯಿ, ಹೋಗಿ ಬರೋಕೆ ದಿನಕ್ಕೆ ನೂರೆಂಬತ್ತರ ಹತ್ರ. ಅದಕ್ಕೆ ಕೆಂಗೇರಿ ಅನ್ನೋದು ಕೆಂಗೇರಿ, ಆರ್‌ಆರ್ ನಗರ, ಮೈಸೂರು ರೋಡು, ವಿಜಯನಗರ, ಮೆಜೆಸ್ಟಿಕ್ ಈ ಪಟ್ಟೀಲಿ ಕೆಲಸ ಇರೋರಿಗೆ ಒಳ್ಳೆ ಜಾಗ, ಔಟರ್ ರಿಂಗ್ ರೋಡ್ ಬೆಳ್ಳಂದೂರು ಕಡೆ ಕೆಲಸ ಇರೋರು ಇಲ್ಲಿ ಮನೆ ಮಾಡಿದ್ರೆ ಮಕ್ಕಳು ಮಲಗಿದ ಮೇಲೆ ಮನೆ ಸೇರ್ತಾರೆ.

ಬರೀ ಆಫೀಸಲ್ಲ. ಮಗಳನ್ನ ಡ್ಯಾನ್ಸ್ ಕ್ಲಾಸಿಗೆ ಬಿಡೋದು, ಕರ್ಕೊಂಡು ಬರೋದು, ತರಕಾರಿ, ಗ್ಯಾಸ್ ಸ್ಟೌವ್ ರಿಪೇರಿ ಇದೆಲ್ಲ ಮಾಡೋಷ್ಟರಲ್ಲಿ ಸಂಜೆ ಹೋಗಿರುತ್ತೆ. ಸಾಗರದಲ್ಲಿ ಅಕ್ಕನ ಮಗ ಶಾಲೆ ಬಿಟ್ಟು ಸೈಕಲ್ಲಲ್ಲಿ ತಾನೇ ಮನೆಗೆ ಬರ್ತಾನೆ, ಚೀಲ ಎಸೆದು ಆಟಕ್ಕೆ ಹೋಗ್ತಾನೆ, ಅವನನ್ನ ಎಲ್ಲಿಗೂ "ಡ್ರಾಪ್" ಮಾಡೋ ಪ್ರಶ್ನೇನೇ ಇಲ್ಲ. ಭಾವ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ ಒಂದು ಸಣ್ಣ ನಿದ್ದೆ ಹೊಡೆದು ವಾಪಸ್ ಹೋಗ್ತಾರೆ, ನಾನು ಇದನ್ನ ಹೊಟ್ಟೆಕಿಚ್ಚಿಂದ್ಲೇ ಬರೀತಿದೀನಿ. ದಿನಕ್ಕೆ ಮೂರು ನಾಲ್ಕು ಗಂಟೆ ಉಳಿಯುತ್ತಲ್ಲ, ಸಣ್ಣ ಊರಿನ ನಿಜವಾದ ಆಸ್ತಿ ಅದು. ಕೆರೆ, ಹಸಿರು, ಗಾಳಿ ಎಲ್ಲ ಆಮೇಲೆ.

ಬೆಂಗಳೂರಿಗೆ ಆಗಾಗ ಹೋಗ್ಲೇಬೇಕು ಅನ್ನೋರಿಗೆ ರಾತ್ರಿ ರೈಲಿದೆ, ಮೈಸೂರಿಂದ ತಾಳಗುಪ್ಪಕ್ಕೆ ಹೋಗೋದು ಕೆಂಗೇರಿ ದಾಟಿಯೇ ಬೆಂಗಳೂರಿಗೆ ಹೋಗಿ ಮುಂದೆ ಬರುತ್ತೆ, ಸಾಗರ ಜಂಬಗಾರು ಸ್ಟೇಷನ್ನಲ್ಲಿ ಬೆಳಗ್ಗೆ ಇಳಿದ್ರೆ ಆಯ್ತು. ಬಸ್ಸೂ ಬೇಕಾದಷ್ಟಿದೆ. ಶಿವಮೊಗ್ಗ ಹತ್ರ ಸೋಗಾನೆಯಲ್ಲಿ 2023ರಲ್ಲಿ ವಿಮಾನ ನಿಲ್ದಾಣ ಶುರುವಾಗಿದೆ, ಆದ್ರೆ ಸಾಗರದಿಂದ ಅಲ್ಲಿಗೆ ಹೋಗೋಕೇ ಎರಡು ಗಂಟೆ ಹತ್ರ ಹಿಡಿಯುತ್ತೆ, ಮೇಲೆ ಫ್ಲೈಟೂ ಬೆರಳೆಣಿಕೆ. ತಿಂಗಳಿಗೆ ಎರಡು ಸಲದ ಪ್ರಯಾಣ ಆದ್ರೆ ಮೈ ತಡ್ಕೊಳ್ಳುತ್ತೆ. ವಾರಕ್ಕೊಂದು ಸಲ ಅಂದ್ರೆ ಅದು ಸಾಗರದಲ್ಲಿ ವಾಸ ಅಲ್ಲ, ರೈಲಲ್ಲಿ ವಾಸ.

ಮಳೆ, ಕರೆಂಟು, ನೀರು

ಬೇಸಿಗೆ ರಜೆಗೆ ಬಂದು ಸಾಗರ ನೋಡಿ ಮನಸೋತವರು ಜುಲೈ ನೋಡಿರಲ್ಲ. ಜೂನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಲ್ಲ, ಚಪ್ಪಲಿಗೆ ಬೂಸ್ಟು, ಪುಸ್ತಕಕ್ಕೆ ಬೂಸ್ಟು, ಮಕ್ಕಳಿಗೆ ಶೀತ. ಇದು ಕೆಲವರಿಗೆ ಹಬ್ಬ, ಕೆಲವರಿಗೆ ಮೂರನೇ ವಾರಕ್ಕೇ ಖಿನ್ನತೆ, ಅದು ಯಾರಿಗೆ ಹೇಗೆ ಅಂತ ಮೊದ್ಲೇ ಹೇಳೋಕಾಗಲ್ಲ. ಬಯಲುಸೀಮೆಯಿಂದ ಮದುವೆಯಾಗಿ ಬಂದ ಹೆಂಡ್ತಿಯೋ ಗಂಡನೋ ಇದ್ರೆ ಅವರ ಮಾತು ಕೇಳಿ ಮೊದ್ಲು, ನಿಮಗೆ ಊರಿನ ಮಳೆ ಅಂದ್ರೆ ಬಾಲ್ಯ, ಅವರಿಗೆ ಬರೀ ಮಳೆ.

ಕರೆಂಟು ವಿಷಯ ಸ್ವಲ್ಪ ತಮಾಷೆ. ಮೂವತ್ತು ಕಿಲೋಮೀಟರ್ ಆಚೆ ಜೋಗದಲ್ಲಿ, ಲಿಂಗನಮಕ್ಕಿ ನೀರಲ್ಲಿ ರಾಜ್ಯಕ್ಕೆಲ್ಲ ವಿದ್ಯುತ್ ಹುಟ್ಟುತ್ತೆ, ಇಲ್ಲಿ ಗಾಳಿ ಜೋರಾಗಿ ಬೀಸಿ ಮರ ಬಿದ್ರೆ ರಾತ್ರಿ ಪೂರ್ತಿ ಕತ್ತಲೆ. ಪೇಟೆ ಒಳಗೆ ಪರವಾಗಿಲ್ಲ, ಬೇಗ ಸರಿ ಮಾಡ್ತಾರೆ, ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಹೊರಗೆ ತೋಟದ ಮನೆ ಅಂದ್ರೆ ಎರಡು ಮೂರು ದಿನ ಇಲ್ಲದಿರೋದೂ ಉಂಟು. ಮನೆಯಿಂದ ಕೆಲಸ ಮಾಡೋರು ಇನ್ವರ್ಟರ್ ಜೊತೆಗೆ ಎರಡು ಬೇರೆ ಬೇರೆ ಕಂಪನಿಯ ಇಂಟರ್ನೆಟ್ ಇಟ್ಕೊಳ್ಳಲೇಬೇಕು, ಒಂದು ಫೈಬರ್, ಇನ್ನೊಂದು ಮೊಬೈಲ್ ಡೇಟಾ, ಮೊಬೈಲ್ ಸಿಗ್ನಲ್ ಮನೆ ಒಳಗೆ ಬರುತ್ತಾ ಅಂತ ಬಾಡಿಗೆ ಮಾತಾಡೋ ಮುಂಚೆ ಪ್ರತಿ ರೂಮಲ್ಲೂ ನಿಂತು ನೋಡಿ.

ನೀರಿನಲ್ಲಿ ಕೆಂಗೇರಿ ಸೋಲುತ್ತೆ. 2024ರ ಬೇಸಿಗೆ ನೆನಪಿದೆಯಲ್ಲ, ಬೆಂಗಳೂರಿನ ಸುಮಾರು ಅರ್ಧದಷ್ಟು ಸರ್ಕಾರಿ ಬೋರ್‌ವೆಲ್ ಬತ್ತಿ ಹೋಗಿ ಟ್ಯಾಂಕರ್ ರೇಟಿಗೆ ಜಿಲ್ಲಾಡಳಿತ ಮಿತಿ ಹಾಕಬೇಕಾಯ್ತು. ಅದೇ ವರ್ಷ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ನಗರಕ್ಕೆ ಆಮೇಲೆ ಸೇರಿದ 110 ಹಳ್ಳಿಗಳ ಕಡೆಗೆ ನೀರು ಬಂತು, ಈಗ ಮುಂಚಿಗಿಂತ ವಾಸಿ, ಆದ್ರೂ ಆ ನೀರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಮೇಲೆ ಹತ್ತಿ ಬರಬೇಕು. ಉಪನಗರದ ಹಳೇ ಲೇಔಟಿಗೆ ಕಾವೇರಿ ಇದೆ, ಆಚೆ ಕೊಮ್ಮಘಟ್ಟ ಕಡೆಯ ಹೊಸ ಲೇಔಟುಗಳಲ್ಲಿ ಪ್ರತಿ ಬೀದಿಗೂ ಬೇರೆ ಕಥೆ, ಅದಕ್ಕೆ ಓನರ್ ಮಾತು ನಂಬದೆ ಕೆಳಗಿನ ಮನೆಯವ್ರನ್ನ ಏಪ್ರಿಲಲ್ಲಿ ಟ್ಯಾಂಕರ್ ತರಿಸ್ತೀರಾ ಅಂತ ಕೇಳಿ. ಅಂದಹಾಗೆ ಬೆಂಗಳೂರಿಗೆ ಶರಾವತಿ ನೀರನ್ನೇ ಒಯ್ಯೋ ಯೋಜನೆ 2019ರಲ್ಲಿ ಎದ್ದಾಗ ಶಿವಮೊಗ್ಗ ಜಿಲ್ಲೆಗೆ ಜಿಲ್ಲೆಯೇ ಬಂದ್ ಮಾಡಿತ್ತು. ಕೆಂಗೇರೀಲಿ ನಲ್ಲಿ ತಿರುಗಿಸುವಾಗ ಅಕ್ಕನ ಬೈಗುಳ ಕಿವೀಲಿ ಕೇಳ್ಸುತ್ತೆ ನಂಗೆ.

ಆಸ್ಪತ್ರೆ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ

ಸಾಗರದಲ್ಲಿ ಉಪವಿಭಾಗೀಯ ಸರ್ಕಾರಿ ಆಸ್ಪತ್ರೆ ಇದೆ, ತಾಯಿ ಮಕ್ಕಳ ಆಸ್ಪತ್ರೆ ಇದೆ, ಖಾಸಗಿ ನರ್ಸಿಂಗ್ ಹೋಮ್‌ಗಳಿವೆ. ಜ್ವರ, ಕೈ ಮುರಿಯೋದು, ಮಾಮೂಲಿ ಹೆರಿಗೆ, ಮಕ್ಕಳ ಚುಚ್ಚುಮದ್ದು ಇದಕ್ಕೆಲ್ಲ ಒಂದು ಕೊರತೆಯೂ ಇಲ್ಲ, ಇನ್ನೂ ಹೇಳಬೇಕಂದ್ರೆ ಬೆಂಗಳೂರಿಗಿಂತ ವಾಸಿ, ಡಾಕ್ಟ್ರಿಗೆ ನಿಮ್ಮ ಮನೆಯವರೆಲ್ಲರ ಹೆಸರು ಗೊತ್ತಿರುತ್ತೆ, ಬೇಡದ ಟೆಸ್ಟ್ ಬರೆಯೋದು ಕಡಿಮೆ. ತೊಂದರೆ ಬರೋದು ಹೃದಯಾಘಾತ, ಪಾರ್ಶ್ವವಾಯು, ತಲೆಗೆ ಪೆಟ್ಟು, ಅವಧಿಗೆ ಮುಂಚೆ ಹುಟ್ಟಿದ ಮಗು ಇಂಥದ್ದಕ್ಕೆ. ಆಗ ಶಿವಮೊಗ್ಗಕ್ಕೆ ಓಡಬೇಕು, ಸುಮಾರು ಎಪ್ಪತ್ತು ಕಿಲೋಮೀಟರ್, ಆ ರಸ್ತೆಯಲ್ಲಿ ಮಳೆಗಾಲದ ರಾತ್ರಿ ಒಂದೂವರೆ ಗಂಟೆ ಅಂದ್ರೂ ಬೇಗ ತಲುಪಿದ ಹಾಗೆ. ಇನ್ನೂ ದೊಡ್ಡದಾದ್ರೆ ಮಣಿಪಾಲ, ಅದಕ್ಕೆ ಘಾಟಿ ಇಳೀಬೇಕು.

ಅಪ್ಪಂಗೆ ಈಗಾಗ್ಲೇ ಸ್ಟೆಂಟ್ ಹಾಕಿದ್ರೆ, ಮಗುವಿಗೆ ಸ್ಪೀಚ್ ಥೆರಪಿ ಥರ ತಿಂಗಳುಗಟ್ಲೆ ನಡೆಯೋ ಚಿಕಿತ್ಸೆ ಬೇಕಿದ್ರೆ, ಅದು "ಯಾವಾಗ್ಲೋ ಬೇಕಾಗೋದು" ಅಲ್ಲ, ದಿನದ ಪಟ್ಟೀಲಿ ಸೇರುತ್ತೆ. ಅಂಥವರು ಕೆಂಗೇರೀಲೇ ಇರಿ, ಇಲ್ಲ ಶಿವಮೊಗ್ಗದಲ್ಲಿ ಮನೆ ನೋಡಿ, ಕೆರೆ ಕಾಣದಿದ್ರೂ ಪರವಾಗಿಲ್ಲ. ಅಪ್ಪ ಅಮ್ಮ ಗಟ್ಟಿಮುಟ್ಟಾಗಿದ್ರೆ ಮಾತ್ರ ಸಾಗರ ಅವರಿಗೆ ಸ್ವರ್ಗ, ಬೆಳಗ್ಗೆ ಎದ್ದು ಪೇಪರ್ ತರೋಕೆ ಅಂತ ಹೋದವರು ನಾಲ್ಕು ಜನರ ಜೊತೆ ಅಡಿಕೆ ರೇಟು ಮಾತಾಡಿ ಹತ್ತು ಗಂಟೆಗೆ ವಾಪಸ್ ಬರ್ತಾರೆ. ಕೆಂಗೇರಿ ಫ್ಲಾಟಲ್ಲಿ ಅದೇ ಅಪ್ಪ ಹತ್ತು ಗಂಟೆಗೆ ಟಿವಿ ಮುಂದೆ ಕೂತ್ಕೊಂಡು ನಮ್ಮ ಬಾಗಿಲ ಸದ್ದು ಕಾಯ್ತಿರ್ತಾರೆ.

ಮಂಗನ ಕಾಯಿಲೆ ಬಗ್ಗೆ ಹೊರಗಿನವರು ತುಂಬ ಕೇಳ್ತಾರೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ಕಾಯಿಲೆ ಇದು, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಜೀವಗಳೇ ಹೋದ್ವು. ಉಣುಗು ಕಚ್ಚಿ ಹರಡೋದು, ಡಿಸೆಂಬರಿಂದ ಮೇ ತನಕ ಜೋರು. ಪೇಟೇಲಿ ವಾಸ ಇರೋರಿಗೆ ಅಪಾಯ ಕಡಿಮೆ, ಕಾಡಿಗೆ ದರಕು (ಒಣ ಎಲೆ) ತರೋಕೆ ಹೋಗೋರಿಗೆ, ಕಾಡಂಚಿನ ತೋಟದವರಿಗೆ ಜಾಸ್ತಿ. ರಜೇಲಿ ಮಕ್ಕಳನ್ನ ಕಾಡು ಸುತ್ತೋಕೆ ಕಳಿಸೋರು ಉಣುಗು ಹತ್ರ ಬರದಿರೋಕೆ ಡೀಪಾ ಎಣ್ಣೆ ಹಚ್ಚಿ ಕಳಿಸಿ, ಬಂದ ಮೇಲೆ ಬಿಸಿನೀರಲ್ಲಿ ಮೀಯಿಸಿ ಮೈ ನೋಡಿ, ಬಟ್ಟೇನೂ ಬಿಸಿನೀರಿಗೇ ಹಾಕಿ. ಊರವರು ಇದರ ಜೊತೆ ಬದುಕೋದು ಕಲ್ತಿದಾರೆ.

ಶಾಲೆ: ಮಗುವಿನ ವಯಸ್ಸೇ ಗಡುವು

ಇಲ್ಲಿ ನನ್ನ ಅಭಿಪ್ರಾಯ ತುಂಬಾ ಗಟ್ಟಿ. ಹತ್ತನೇ ಕ್ಲಾಸಿನವರೆಗೆ ಸಾಗರ ಸಾಕು, ಸಾಕು ಅಷ್ಟೇ ಅಲ್ಲ, ಒಳ್ಳೇದು. ಕನ್ನಡ ಮೀಡಿಯಂ, ಇಂಗ್ಲಿಷ್ ಮೀಡಿಯಂ ಎರಡೂ ಇದೆ, ಫೀಸು ಬೆಂಗಳೂರಿನ ಮುಂದೆ ಏನೂ ಅಲ್ಲ. ಕೆಂಗೇರಿ ಕಡೆ ಎಲ್‌ಕೆಜಿ ಸೀಟಿಗೆ ಕೊಡೋ ದುಡ್ಡಲ್ಲಿ ಸಾಗರದಲ್ಲಿ ಹಲವು ವರ್ಷ ಓದಿಸಬಹುದು. ಅದರ ಮೇಲೆ ಹೊರಗಿನ ಕಲಿಕೆ ಬೇರೆ. ಏಳೆಂಟು ಕಿಲೋಮೀಟರ್ ದೂರದ ಹೆಗ್ಗೋಡಲ್ಲಿ ನೀನಾಸಂ ನಾಟಕ ಸಂಸ್ಥೆ ಇದೆ, 1949ರಲ್ಲಿ ಶುರುವಾಗಿದ್ದು, ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದ್ದು ಈ ಕೆಲಸಕ್ಕೇ. ಸಾಗರದ ಹುಡುಗರು ನಾಟಕ ನೋಡೋದು ಮಾಲಿಗೆ ಸಿನಿಮಾ ನೋಡೋಕೆ ಹೋದಷ್ಟೇ ಸಲೀಸು, ಯಕ್ಷಗಾನ ಅಂತೂ ಮನೆ ಬಾಗಿಲಿಗೇ ಬರುತ್ತೆ, ಇಕ್ಕೇರಿ ಕೆಳದಿ ದೇವಸ್ಥಾನ ಭಾನುವಾರ ಸೈಕಲ್ ಹೊಡೆದು ಹೋಗಿ ಬರೋ ದೂರ. ದುಡ್ಡು ಕೊಟ್ರೂ ಕೆಂಗೇರೀಲಿ ಇದು ಸಿಗಲ್ಲ.

ಹತ್ತನೇ ಕ್ಲಾಸ್ ಮುಗಿದ ಮೇಲೆ ಕಥೆ ಬದಲಾಗುತ್ತೆ. ಸಾಗರದಲ್ಲಿ ಪಿಯು ಕಾಲೇಜಿದೆ, ಡಿಗ್ರಿಗೆ ಎಲ್.ಬಿ. ಕಾಲೇಜಿದೆ, ಆದ್ರೂ ನೀಟ್, ಜೆಇಇ ಅಂತ ಕನಸು ಕಟ್ಟಿದ ಮನೆಯವ್ರು ಮಕ್ಕಳನ್ನ ಮೂಡುಬಿದಿರೆ, ಮಂಗಳೂರು, ಶಿವಮೊಗ್ಗ ಅಂತ ಹಾಸ್ಟೆಲಿಗೆ ಬಿಟ್ಟು ಬರ್ತಾರೆ. ಅಂದ್ರೆ ಮಗು ಹದಿನಾರಕ್ಕೇ ಮನೆ ಬಿಡುತ್ತೆ. ಕೆಂಗೇರೀಲಿದ್ರೆ ಸುತ್ತಮುತ್ತಾನೇ ಕಾಲೇಜುಗಳ ಸಂತೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಎರಡು ಮೂರು ಸ್ಟೇಷನ್ ಆಚೆ, ಮಗ ಡಿಗ್ರಿ ಮುಗಿಸೋವರೆಗೂ ಮನೆ ಊಟಾನೇ ಉಣ್ಣಬಹುದು. ಬಾಲ್ಯದ ಹತ್ತು ವರ್ಷ ಮುಖ್ಯವೋ ಹದಿಹರೆಯದ ಐದು ವರ್ಷ ಜೊತೇಲಿರೋದು ಮುಖ್ಯವೋ ಅಂತ ಗಂಡ ಹೆಂಡ್ತಿ ಕೂತು ಮಾತಾಡ್ಕೊಳ್ಳಿ, ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೆ ಒಂದು ಹೇಳಬಲ್ಲೆ: ಮಗು ಎಂಟನೇ ಕ್ಲಾಸಲ್ಲಿದ್ದಾಗ ಬೆಂಗಳೂರಿಂದ ಕಿತ್ತು ಸಾಗರಕ್ಕೆ ತರಬೇಡಿ. ಸ್ನೇಹಿತರು ಹೋಗ್ತಾರೆ, ಹೊಸ ಜಾಗ ಹಿಡಿಸೋಷ್ಟರಲ್ಲಿ ಮತ್ತೆ ಹಾಸ್ಟೆಲ್. ಬರೋದಾದ್ರೆ ನಾಲ್ಕನೇ ಕ್ಲಾಸಿನ ಒಳಗೆ ಬನ್ನಿ.

ದುಡಿಮೆ, ಮುಖ್ಯವಾಗಿ ಇನ್ನೊಬ್ಬರ ದುಡಿಮೆ

ಈ ಚರ್ಚೇಲಿ ಯಾವಾಗ್ಲೂ ಒಬ್ಬರ ರಿಮೋಟ್ ಕೆಲಸದ ಬಗ್ಗೇನೇ ಮಾತು, ಇನ್ನೊಬ್ಬರು ಏನು ಮಾಡ್ತಾರೆ ಅಂತ ಕೇಳೋದೇ ಇಲ್ಲ, ಸಾಮಾನ್ಯವಾಗಿ ಆ ಇನ್ನೊಬ್ಬರು ಹೆಂಡ್ತಿ. ಸಾಗರದಲ್ಲಿ ಅವಳಿಗೆ ಸಿಗೋ ಕೆಲಸ ಅಂದ್ರೆ ಶಾಲೆ, ಬ್ಯಾಂಕು, ಸೊಸೈಟಿ, ಅಕೌಂಟ್ಸ್, ಅಥವಾ ಸ್ವಂತದ್ದೇನಾದ್ರೂ. ಬೆಂಗಳೂರಲ್ಲಿ ಹತ್ತು ವರ್ಷ ಎಚ್‌ಆರ್ ಮಾಡಿದವಳಿಗೆ ಅಲ್ಲಿ ಕುರ್ಚಿ ಇಲ್ಲ. ಅವಳ ಸಂಬಳ ಪೂರ್ತಿ ಹೋಗುತ್ತೆ ಅಂತ ಲೆಕ್ಕ ಹಾಕಿ, ಆಮೇಲೆ ಖರ್ಚು ಉಳಿಯುತ್ತಲ್ಲ ಅಂತ ಸಮಾಧಾನ ಮಾಡ್ಕೊಳ್ಳಿ. ಬಾಡಿಗೆ ವಿಷಯದಲ್ಲಿ ಉಪನಗರದಲ್ಲಿ ಎರಡು ಬೆಡ್‌ರೂಮಿಗೆ ಹದಿನೈದರಿಂದ ಇಪ್ಪತ್ತೈದು ಸಾವಿರ, ಮೇಲೆ ಐದಾರು ತಿಂಗಳದ್ದು ಅಡ್ವಾನ್ಸು, ಸಾಗರದಲ್ಲಿ ಅದರ ಅರ್ಧಕ್ಕೆ ಅಂಗಳ ಇರೋ ಮನೇನೇ ಸಿಗುತ್ತೆ. ಆದ್ರೆ ಕಂಪನಿ ನಾಳೆ "ಎಲ್ರೂ ವಾಪಸ್ ಆಫೀಸಿಗೆ" ಅಂದ್ರೆ? ಎಷ್ಟೋ ಕಂಪನಿ ಅಂದಿದೆ. ಆ ಮೇಲ್ ಬಂದ ದಿನ ಏನು ಮಾಡ್ತೀರಿ ಅನ್ನೋದು ಮನೇಲಿ ಮೊದ್ಲೇ ತೀರ್ಮಾನ ಆಗಿರಲಿ. ತೋಟದ ಆದಾಯ ನಂಬ್ಕೊಂಡು ಬರೋರು ಎಲೆಚುಕ್ಕಿ ರೋಗ, ಕೊಳೆ ರೋಗದ ಬಗ್ಗೆ ಯಾವನಾದ್ರೂ ಅಡಿಕೆ ಬೆಳೆಗಾರನ ಹತ್ರ ಅರ್ಧ ಗಂಟೆ ಕೂತು ಕೇಳಿ, ಅಷ್ಟು ಸಾಕು.

ಜನ

ಸಾಗರದಲ್ಲಿ ನಿಮ್ಮನೆಗೆ ಯಾರು ಬಂದ್ರು, ಎಷ್ಟೊತ್ತಿಗೆ ಹೋದ್ರು, ಮಗಳು ಯಾರ ಜೊತೆ ಐಸ್‌ಕ್ರೀಮ್ ತಿಂದ್ಲು ಎಲ್ಲ ಊರಿಗೆ ಗೊತ್ತು. ಅದೇ ಊರು ಮನೇಲಿ ಯಾರಿಗಾದ್ರೂ ಹುಷಾರಿಲ್ಲ ಅಂದ್ರೆ ಬುತ್ತಿ ಸಮೇತ ಬಾಗಿಲಿಗೆ ಬರುತ್ತೆ. ಒಂದು ಬೇಕು ಇನ್ನೊಂದು ಬೇಡ ಅಂದ್ರೆ ಆಗಲ್ಲ ಮಾರಾಯ್ರೆ. ಬಾಡಿಗೆ ಮನೆ ಕೇಳುವಾಗ "ನೀವು ಯಾವ ಪೈಕಿ" ಅನ್ನೋ ಪ್ರಶ್ನೆ ಬರುತ್ತೆ, ಅದು ಕೆಂಗೇರೀಲೂ ಬರುತ್ತೆ ಬಿಡಿ, ಅಲ್ಲಿ ನಯವಾಗಿ "ವೆಜ್ಜಾ ನಾನ್‌ವೆಜ್ಜಾ" ಅಂತ ಕೇಳ್ತಾರೆ ಅಷ್ಟೇ. ಬೇರೆ ಜಾತಿಯವರನ್ನ ಮದುವೆಯಾದವರು, ಒಂಟಿ ತಾಯಂದಿರು, ಮನೆಯವರ ಕಣ್ಣಿಂದ ಸ್ವಲ್ಪ ದೂರ ಇರಬೇಕು ಅನ್ನೋರು ಕೆಂಗೇರೀಲಿ ಜಾಸ್ತಿ ಉಸಿರಾಡ್ತಾರೆ, ಇದು ನಾನು ಕಣ್ಣಾರೆ ನೋಡಿರೋದು. ಸಾಗರದಲ್ಲಿ ನೆಂಟರೂ ಜಾಸ್ತಿ, ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದ್ರೆ ಮನೇಲಿ ಮಲಗೋಕೆ ಜಾಗ ಇರಲ್ಲ, ಮಳೆಗಾಲದ ಪ್ರತಿ ಶನಿವಾರ "ಜೋಗ ನೋಡೋಕೆ ಬಂದ್ವಿ, ಹಂಗೇ ನಿಮ್ಮನೆಗೂ" ಅಂತ ಬೆಂಗಳೂರಿನ ಸ್ನೇಹಿತರು. 2025ರ ಜುಲೈಲಿ ಸಿಗಂದೂರು ಸೇತುವೆ ಬೇರೆ ಆಗಿದೆ, ಶರಾವತಿ ಹಿನ್ನೀರು ದಾಟೋಕೆ ಲಾಂಚಿಗೆ ಕಾಯೋದು ತಪ್ಪಿದ ಮೇಲೆ ಬರೋರು ಕಡಿಮೆ ಆಗೋ ಮಾತೇ ಇಲ್ಲ.

ಕಾಗದ ಪತ್ರ

ಚಿಕ್ಕದಾಗಿ ಹೇಳ್ತೀನಿ. ಕೆಂಗೇರಿ ಕಡೆ ಎ ಖಾತಾ, ಬಿ ಖಾತಾ ವ್ಯತ್ಯಾಸ ತಿಳ್ಕೊಳ್ಳದೆ ಟೋಕನ್ ಅಡ್ವಾನ್ಸ್ ಕೊಡಬೇಡಿ, ಇ-ಖಾತಾ ಆಗಿದೆಯಾ ನೋಡಿ. ಸಾಗರದಲ್ಲಿ ನಗರಸಭೆ ವ್ಯಾಪ್ತಿ ಆದ್ರೆ ಇ-ಆಸ್ತಿ, ಪಂಚಾಯ್ತಿ ಆದ್ರೆ ಇ-ಸ್ವತ್ತು, ಜೊತೆಗೆ ಭೂ ಪರಿವರ್ತನೆ ಆಗಿದೆಯಾ ಅನ್ನೋದು. ಮಲೆನಾಡಲ್ಲಿ ಇನ್ನೊಂದು ಗಂಟಿದೆ, ಸೊಪ್ಪಿನ ಬೆಟ್ಟ, ಕಾನು, ಬಗರ್‌ಹುಕುಂ, ಶರಾವತಿ ಅಣೆಕಟ್ಟಿಂದ ಊರು ಮುಳುಗಿದವರಿಗೆ ಕೊಟ್ಟ ಜಮೀನು, ಇವುಗಳಲ್ಲಿ ಹಕ್ಕಿನ ಗೋಜಲು ದಶಕಗಳಿಂದ ಬಗೆಹರಿದಿಲ್ಲ. ನೋಟ ಚೆನ್ನಾಗಿರೋ ಜಾಗ, ಕಡಿಮೆ ರೇಟು, "ಪತ್ರ ಆಮೇಲೆ ಮಾಡಿಸ್ಕೊಡ್ತೀವಿ" ಈ ಮೂರೂ ಒಟ್ಟಿಗೆ ಕೇಳಿ ಬಂದ್ರೆ ಕಾಫಿ ಕುಡಿದು ಎದ್ದು ಬನ್ನಿ, ಸಾಗರದಲ್ಲೇ ಇರೋ ವಕೀಲರ ಹತ್ರ ಪತ್ರ ತೋರಿಸದೆ ಒಂದು ರೂಪಾಯಿ ಕೊಡಬೇಡಿ.

ಹಾಗಾದ್ರೆ ಯಾರು ಎಲ್ಲಿ?

ದೊಡ್ಡ ಮಗು ನಾಲ್ಕನೇ ಕ್ಲಾಸಿನ ಒಳಗಿದ್ದು, ಒಬ್ಬರ ಕೆಲಸ ಗಟ್ಟಿ ರಿಮೋಟ್ ಆಗಿದ್ದು, ಇನ್ನೊಬ್ಬರು ತಾವಾಗೇ ಮನಸ್ಸು ಮಾಡಿ ಹೂಂ ಅಂದಿದ್ದು, ಮನೇಲಿ ದಿನಾ ಸ್ಪೆಷಲಿಸ್ಟ್ ಬೇಕಾಗೋರು ಯಾರೂ ಇಲ್ಲ ಅಂದ್ರೆ ಯೋಚ್ನೆ ಮಾಡ್ತಾ ವರ್ಷ ಕಳೀಬೇಡಿ, ಸಾಗರಕ್ಕೆ ಹೋಗಿ. ಈ ನಾಲ್ಕರಲ್ಲಿ ಒಂದು ಕೂಡಿ ಬರದಿದ್ರೆ ಇನ್ನೂ ನೋಡಬಹುದು, ಎರಡು ಕೂಡಿ ಬರದಿದ್ರೆ ಕೆಂಗೇರಿ. ಇಬ್ರೂ ಆಫೀಸಿಗೆ ಹೋಗೋರಾದ್ರೆ ಈ ಬರಹ ಇಲ್ಲಿವರೆಗೆ ಓದಿದ್ದೇ ಹೆಚ್ಚು, ಮೆಟ್ರೋಗೆ ನಡ್ಕೊಂಡು ಹೋಗೋ ದೂರದಲ್ಲಿ ಮನೆ ಹುಡುಕಿ, ಆಟೋ ಹಿಡಿದು ಸ್ಟೇಷನ್ನಿಗೆ ಹೋಗೋ ಮನೆ ಬೇಡ.

ಎರಡು ಕಡೆ ಒಂದೊಂದು ಕಾಲು ಇಡೋ ಪ್ಲಾನ್ ಕೂಡ ಕೇಳಿದೀನಿ, ಅಪ್ಪ ಕೆಂಗೇರೀಲಿ ರೂಮ್ ಮಾಡ್ಕೊಂಡು, ಅಮ್ಮ ಮಕ್ಕಳು ಸಾಗರದಲ್ಲಿ, ವಾರಾಂತ್ಯಕ್ಕೆ ಭೇಟಿ. ನಂಗೆ ಸರಿ ಕಾಣಲ್ಲ. ಇದರಲ್ಲಿ ಖರ್ಚೂ ಉಳಿಯಲ್ಲ, ಅಪ್ಪ ಮಕ್ಕಳಿಗೆ ಶನಿವಾರ ಬೆಳಗ್ಗೆ ಬಂದು ಭಾನುವಾರ ರಾತ್ರಿ ರೈಲು ಹತ್ತೋ ನೆಂಟ ಆಗಿಬಿಡ್ತಾನೆ.

ಹೋಗಿ ನೋಡೋದಾದ್ರೆ ಸಾಗರವನ್ನ ಜುಲೈಲಿ ನೋಡಿ, ಕೆಂಗೇರಿಯನ್ನ ಏಪ್ರಿಲಲ್ಲಿ ನೋಡಿ. ಎರಡೂ ಊರು ತಮ್ಮ ಕೆಟ್ಟ ಮುಖ ತೋರಿಸೋ ತಿಂಗಳು ಅವು, ಆಗಲೂ ಇಷ್ಟ ಆದ್ರೆ ಮಿಕ್ಕ ತಿಂಗಳ ಚಿಂತೆ ಇಲ್ಲ. ಸಾಗರದಲ್ಲಿ ಸೀದಾ ಸೈಟ್ ತಗೋಬೇಡಿ, ಒಂದು ಮಳೆಗಾಲ ಬಾಡಿಗೆ ಮನೇಲಿ ಕಳೀರಿ, ಕೆಂಗೇರಿ ಫ್ಲಾಟ್ ಸ್ವಂತದ್ದಾದ್ರೆ ಮಾರೋ ಬದ್ಲು ಅಷ್ಟು ದಿನ ಬಾಡಿಗೆಗೆ ಕೊಡಿ. ಮನೆ ಹುಡುಕೋಕೆ ಒಳ್ಳೇ ಸಮಯ ಆಷಾಢ, ಆಗ ಯಾರೂ ಮನೆ ಬದಲಾಯಿಸಲ್ಲ ಅಂತ ಓನರುಗಳು ಬಾಡಿಗೇಲಿ ಸ್ವಲ್ಪ ಬಗ್ತಾರೆ, ಶಾಸ್ತ್ರ ನೋಡೋರಾದ್ರೆ ಅಡ್ವಾನ್ಸ್ ಕೊಟ್ಟಿಟ್ಟು ಶ್ರಾವಣದಲ್ಲಿ ಹಾಲು ಉಕ್ಕಿಸಿ. ಮಕ್ಕಳ ಶಾಲೆ ಇದ್ರೆ ಮಾತ್ರ ಇದು ನಡೆಯಲ್ಲ, ಏಪ್ರಿಲಲ್ಲೇ ಟಿಸಿ ತಗೊಂಡು, ಸರ್ಕಾರ ಪ್ರತಿ ವಿದ್ಯಾರ್ಥಿಗೂ ಕೊಡೋ ಸ್ಯಾಟ್ಸ್ ನಂಬರ್ ಬರ್ಕೊಂಡು, ಮೇ ಮುಗಿಯೋದ್ರೊಳಗೆ ಸಾಮಾನು ಸಾಗಿಸಿಬಿಡಿ. ಜೂನ್ ಮೊದಲ ವಾರ ಕಳೆದ ಮೇಲೆ ಲಾರೀಲಿ ಹಾಸಿಗೆ, ಪುಸ್ತಕ ಹಾಕ್ಕೊಂಡು ಹೊರಟ್ರೆ ಆನಂದಪುರ ದಾಟೋಷ್ಟರಲ್ಲಿ ಮಳೆ ಹಿಡಿದಿರುತ್ತೆ, ಟಾರ್ಪಾಲು ಎರಡು ಪದರ ಹೊದಿಸೋಕೆ ಹೇಳಿ.